ಮೈಸೂರಿನ ಮನೆಗಳಿಗೆ ಆರ್‌ಒ ಎಷ್ಟು ಬೇಕು?

ಹೊಸ ಮನೆ ಕಟ್ಟಿದವರು, ಬಾಡಿಗೆ ಮನೆ ಬದಲಾಯಿಸಿದವರು, ಮಗುವಿಗೆ ನೀರು ಕುಡಿಸಲು ತೊಡಗಿದವರು, ಎಲ್ಲರೂ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಯಾವ ಆರ್‌ಒ ತಗೊಳ್ಳೋಣ? ಅಂಗಡಿಯವರ ಬಳಿ ಉತ್ತರ ಸಿದ್ಧವಿರುತ್ತದೆ. ಏಳು ಹಂತದ್ದು, ಒಂಬತ್ತು ಹಂತದ್ದು, ತಾಮ್ರ ಬೆರೆಸುವಂಥದ್ದು, ಆಲ್ಕಲೈನ್ ಮಾಡಿಕೊಡುವಂಥದ್ದು. ನಿಮ್ಮ ಮನೆಗೆ ಬರುವ ನೀರು ಯಾವುದು ಎಂದು ಕೇಳುವವರು ಮಾತ್ರ ಅಪರೂಪ. ಮೈಸೂರಿನಲ್ಲಿ ಮೊದಲು ಬರಬೇಕಾದ್ದು ಆ ಪ್ರಶ್ನೆಯೇ. ಇಲ್ಲಿ ಒಂದೇ ರಸ್ತೆಯ ಎರಡು ಮನೆಗಳು ಬೇರೆ ಬೇರೆ ನೀರು ಕುಡಿಯುತ್ತಿರಬಹುದು.

ನಗರದೊಳಗಿನ ಹಳೆಯ ಬಡಾವಣೆಗಳಿಗೆ ಬರುವುದು ನದಿಯ ನೀರು. ಕೃಷ್ಣರಾಜಸಾಗರದ ಆಸುಪಾಸಿನ ಹೊಂಗಳ್ಳಿ, ಬೆಳಗೊಳ, ಶ್ರೀರಂಗಪಟ್ಟಣದ ಕಡೆಯ ಮೇಳಾಪುರ, ಇಲ್ಲೆಲ್ಲ ಕಾವೇರಿಯನ್ನು ಎತ್ತುತ್ತಾರೆ. ನಂಜನಗೂಡು ತಾಲ್ಲೂಕಿನ ಬಿದರಗೂಡಿನಿಂದ ಕಬಿನಿ ಬರುತ್ತದೆ. ಊರಿಗೆ ನದಿ ತರುವ ಆಸೆ ಹಳೆಯದು. ದಿವಾನ್ ಪೂರ್ಣಯ್ಯನವರ ಕಾಲದಲ್ಲೇ ಅದಕ್ಕಾಗಿ ನಾಲೆ ತೋಡಿಸುವ ಪ್ರಯತ್ನ ನಡೆದಿತ್ತು, ಪೂರ್ಣಯ್ಯ ನಾಲೆ ಎಂಬ ಹೆಸರು ಇಂದಿಗೂ ಉಳಿದಿದೆ. ಕೊಳಾಯಿ ನೀರಿನ ವ್ಯವಸ್ಥೆ ನೆಲೆಗೊಂಡದ್ದು 19ನೇ ಶತಮಾನದ ಕೊನೆಗೆ. ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿ ವಾಣಿವಿಲಾಸ ಸನ್ನಿಧಾನದವರ ಹೆಸರನ್ನೇ ನಗರದ ನೀರು ಸರಬರಾಜು ಕಚೇರಿ ಈಗಲೂ ಹೊತ್ತಿದೆ. ವಾಣಿವಿಲಾಸ ವಾಟರ್ ವರ್ಕ್ಸ್ ಎಂದರೆ ಮೈಸೂರಿಗರಿಗೆ ವಿವರಣೆ ಬೇಕಿಲ್ಲ.

ವರ್ತುಲ ರಸ್ತೆ ದಾಟಿದರೆ ಕಥೆ ಬೇರೆ. ಹೂಟಗಳ್ಳಿ, ಬೋಗಾದಿ, ಶ್ರೀರಾಂಪುರ, ರಮ್ಮನಹಳ್ಳಿ, ಕಡಕೊಳ, ಇನ್ನೂ ಯಾರಿಗೂ ಹಸ್ತಾಂತರವಾಗದ ಖಾಸಗಿ ಲೇಔಟ್‌ಗಳು. ಇಲ್ಲಿ ಹಲವು ಕಡೆ ಬೋರ್ ನೀರೇ ಗತಿ. ಕೆಲವೆಡೆ ವಾರಕ್ಕೆ ಒಂದೆರಡು ದಿನ ನದಿ ನೀರು, ಉಳಿದ ದಿನ ಬೋರು, ಎರಡೂ ಒಂದೇ ಸಂಪಿಗೆ. ಕೃಷ್ಣರಾಜಸಾಗರದ ಹಿನ್ನೀರಿನಿಂದ ನೀರು ತರುವ ಹಳೇ ಉಂಡುವಾಡಿ ಯೋಜನೆಯ ಮೇಲೆ ಈ ಬಡಾವಣೆಗಳು ಕಣ್ಣಿಟ್ಟು ಕುಳಿತು ವರ್ಷಗಳಾದವು.

ಈ ಎರಡು ನೀರುಗಳ ಸ್ವಭಾವ ಪೂರ್ತಿ ಬೇರೆ. ಕಾವೇರಿ, ಕಬಿನಿ ಎರಡೂ ಪಶ್ಚಿಮಘಟ್ಟದ ಮಳೆಯಿಂದ ತುಂಬುವ ನದಿಗಳು. ಅವುಗಳಲ್ಲಿ ಕರಗಿದ ಲವಣ ಕಡಿಮೆ. ಬೋರ್ ನೀರು ಹಾಗಲ್ಲ. ನೂರಾರು ಅಡಿ ಆಳದ ಕಲ್ಲಿನ ಬಿರುಕುಗಳಲ್ಲಿ ವರ್ಷಗಟ್ಟಲೆ ನಿಂತು ಕ್ಯಾಲ್ಸಿಯಂ, ಮೆಗ್ನೀಸಿಯಂ ಕರಗಿಸಿಕೊಂಡಿರುತ್ತದೆ, ಕೆಲವೆಡೆ ಫ್ಲೋರೈಡನ್ನೂ. ಮೇಲಿನ ಗುಂಡಿಗಳಿಂದ, ಗೊಬ್ಬರದಿಂದ ಇಳಿದ ನೈಟ್ರೇಟ್ ಇದರ ಜೊತೆಗೆ ಸೇರುತ್ತದೆ. ಗೃಹಿಣಿಯರಿಗೆ ಈ ವ್ಯತ್ಯಾಸ ತಿಳಿಯಲು ಮೀಟರ್ ಬೇಕಿಲ್ಲ. ಬೋರ್ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಸೋಪು ನೊರೆ ಕಟ್ಟುವುದಿಲ್ಲ, ಸ್ನಾನದ ಹಂಡೆಯ ಒಳಗೆ ಬಿಳಿ ಪದರ ಕೂರುತ್ತದೆ, ಕಾಫಿ ಡಿಕಾಕ್ಷನ್ ರುಚಿಗೆಡುತ್ತದೆ.

ಇನ್ನು ಆರ್‌ಒ ಏನು ಮಾಡುತ್ತದೆ ಎಂಬುದನ್ನು ನೋಡೋಣ. ಸಸ್ಯದ ಬೇರು ಮಣ್ಣಿನಿಂದ ನೀರು ಹೀರುವುದು ಆಸ್ಮಾಸಿಸ್‌ನಿಂದ: ತೆಳು ಪೊರೆಯ ಮೂಲಕ ನೀರು ಲವಣ ಕಡಿಮೆ ಇರುವ ಕಡೆಯಿಂದ ಹೆಚ್ಚು ಇರುವ ಕಡೆಗೆ ತಾನಾಗಿ ಹರಿಯುತ್ತದೆ. ಲವಣದ ಕಡೆಯಿಂದ ಪಂಪಿನ ಒತ್ತಡ ಕೊಟ್ಟರೆ ಹರಿವು ತಿರುಗುತ್ತದೆ. ಲವಣ ಹಿಂದೆ ಉಳಿದು ನೀರು ಮಾತ್ರ ಪೊರೆ ದಾಟುತ್ತದೆ. ಇದೇ ರಿವರ್ಸ್ ಆಸ್ಮಾಸಿಸ್, ಅಂದರೆ ಆರ್‌ಒ. ಇದನ್ನು ಬಳಕೆಗೆ ಒಗ್ಗುವಂತೆ ಮಾಡಿದ ಪೊರೆಯನ್ನು 1960ರ ಸುಮಾರಿಗೆ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ರೂಪಿಸಿದವರು ಸಿಡ್ನಿ ಲೋಬ್ ಮತ್ತು ನಮ್ಮ ದೇಶದಲ್ಲೇ ಹುಟ್ಟಿದ ಶ್ರೀನಿವಾಸ ಸೌರಿರಾಜನ್. ಉಪ್ಪುನೀರನ್ನು ಕುಡಿಯುವ ನೀರಾಗಿಸುವುದು ಅವರ ಗುರಿಯಾಗಿತ್ತು. 1965ರಲ್ಲಿ ಕ್ಯಾಲಿಫೋರ್ನಿಯಾದ ಕೋಲಿಂಗಾ ಎಂಬ ಊರಿನಲ್ಲಿ ಸ್ಥಾಪನೆಯಾದ ಮೊದಲ ಘಟಕವೂ ಉಪ್ಪಾದ ಅಂತರ್ಜಲವನ್ನು ಸಿಹಿ ಮಾಡಲೆಂದೇ ಬಂದದ್ದು. ಈ ತಂತ್ರಜ್ಞಾನದ ಹುಟ್ಟಿನಲ್ಲೇ ಅದರ ಬಳಕೆಯ ಸ್ಥಳವೂ ನಿಗದಿಯಾಗಿದೆ: ಲವಣ ಹೆಚ್ಚಿರುವ ನೀರು.

ಹಾಗಾದರೆ ಎಷ್ಟಿದ್ದರೆ ಹೆಚ್ಚು? ಭಾರತೀಯ ಮಾನಕ ಬ್ಯೂರೋದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ ಕರಗಿದ ಒಟ್ಟು ಘನಾಂಶ, ಅಂದರೆ ಟಿಡಿಎಸ್, ಲೀಟರಿಗೆ 500 ಮಿಲಿಗ್ರಾಂವರೆಗೆ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದಿದ್ದರೆ 2000ದವರೆಗೆ ಸಹಿಸಬಹುದು. ಗಡಸುತನಕ್ಕೆ 200, ಅನಿವಾರ್ಯವಾದರೆ 600. ಫ್ಲೋರೈಡಿಗೆ 1, ಹೆಚ್ಚೆಂದರೆ 1.5. ನೈಟ್ರೇಟಿಗೆ 45, ಅದರ ಮೇಲೆ ರಿಯಾಯಿತಿ ಇಲ್ಲ. ಕಾವೇರಿ ನಲ್ಲಿ ನೀರಿನ ಟಿಡಿಎಸ್ ಸಾಮಾನ್ಯವಾಗಿ 300ರ ಒಳಗೇ ಇರುತ್ತದೆ. ಇಂಥ ನೀರಿಗೆ ಆರ್‌ಒ ಕೂರಿಸುವುದೆಂದರೆ ಇಲ್ಲದ ರೋಗಕ್ಕೆ ಔಷಧಿ ಕೊಂಡಂತೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರ ಮೇ 20ರಂದು ಹೇಳಿದ್ದೂ ಇದೇ ಮಾತನ್ನು: ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆ ನಿಲ್ಲಬೇಕು. ಆ ಆದೇಶ ಸುಪ್ರೀಂ ಕೋರ್ಟ್, ಕರಡು ಅಧಿಸೂಚನೆ ಎಂದು ಸುತ್ತಾಡಿತು. 2023ರ ನವೆಂಬರ್‌ನಲ್ಲಿ ಕೇಂದ್ರ ಪರಿಸರ ಸಚಿವಾಲಯ ನೀರು ಶುದ್ಧೀಕರಣ ಯಂತ್ರಗಳ ಬಗ್ಗೆ ನಿಯಮಗಳನ್ನು ಹೊರಡಿಸಿತು. ಏನೇ ನಿಯಮ ಬಂದರೂ ನಮ್ಮ ಅಡುಗೆಮನೆಗೆ ಬಂದು ಯಾರೂ ಅಳೆಯುವುದಿಲ್ಲ. ತೀರ್ಮಾನ ಮನೆಯವರದೇ.

ಆ ತೀರ್ಮಾನವನ್ನು ಕೆಡಿಸುವ ಒಂದು ಪ್ರದರ್ಶನವಿದೆ. ಕುವೆಂಪುನಗರದ ಪರಿಚಿತರೊಬ್ಬರ ಮನೆಯಲ್ಲಿ ಅದನ್ನು ಹತ್ತಿರದಿಂದ ನೋಡಿದ್ದೇನೆ. ಯಂತ್ರ ಮಾರಲು ಬಂದ ಹುಡುಗ ಊಟದ ಮೇಜಿನ ಮೇಲೆ ಎರಡು ಗಾಜಿನ ಲೋಟ ಇಟ್ಟ. ಒಂದರಲ್ಲಿ ನಲ್ಲಿ ನೀರು, ಇನ್ನೊಂದರಲ್ಲಿ ಅವನೇ ಬಾಟಲಿಯಲ್ಲಿ ತಂದ ಆರ್‌ಒ ನೀರು. ನಾಲ್ಕು ಲೋಹದ ಕಡ್ಡಿಗಳಿದ್ದ ಪೆಟ್ಟಿಗೆಯನ್ನು ಎರಡೂ ಲೋಟಗಳಿಗೆ ಇಳಿಬಿಟ್ಟು ಸ್ವಿಚ್ ಹಾಕಿದ. ನಿಮಿಷದೊಳಗೆ ನಲ್ಲಿ ನೀರು ಹಸಿರುಗಟ್ಟಿ, ಆಮೇಲೆ ಕಂದು ಬಣ್ಣಕ್ಕೆ ತಿರುಗಿ, ಮೇಲೆ ಕೊಳೆಯಂಥ ಗಸಿ ತೇಲಿತು. ಆರ್‌ಒ ನೀರು ತಿಳಿಯಾಗಿಯೇ ಉಳಿಯಿತು. ಇಷ್ಟು ವರ್ಷ ಇದನ್ನೇ ಕುಡಿದೆವಲ್ಲ ಎಂದು ಮನೆಯ ಹಿರಿಯರು ಬಾಯಿಗೆ ಸೆರಗು ಹಿಡಿದರು. ಆರ್‌ಒ ಲೋಟಕ್ಕೆ ಒಂದು ಚಿಟಿಕೆ ಅಡುಗೆ ಉಪ್ಪು ಹಾಕಿ ಇನ್ನೊಮ್ಮೆ ಸ್ವಿಚ್ ಹಾಕುವಂತೆ ಕೇಳಿಕೊಂಡೆವು. ಈ ಸಲ ಅದೇ ಕಂದು ಗಸಿ ಆ ಲೋಟದಲ್ಲೂ ತುಂಬಿತು.

ಕಾರಣ ಸರಳ. ಪ್ರತಿ ಲೋಟಕ್ಕೆ ಇಳಿಸಿದ ಎರಡು ಕಡ್ಡಿಗಳಲ್ಲಿ ಒಂದು ಕಬ್ಬಿಣದ್ದು. ನೀರಿನಲ್ಲಿ ಲವಣವಿದ್ದರೆ ವಿದ್ಯುತ್ ಹರಿಯುತ್ತದೆ, ಹರಿದಾಗ ಕಬ್ಬಿಣ ಕರಗಿ ತುಕ್ಕಾಗುತ್ತದೆ. ನಾವು ನೋಡುವ ಕೊಳೆ ಕಡ್ಡಿಯ ತುಕ್ಕು, ನೀರಿನದಲ್ಲ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆಯಾದ್ದರಿಂದ ವಿದ್ಯುತ್ತೂ ಅಷ್ಟಾಗಿ ಹರಿಯಲಿಲ್ಲ, ತುಕ್ಕೂ ಬರಲಿಲ್ಲ. ಮಾರಾಟದವರ ಕೈಯಲ್ಲಿರುವ ಪೆನ್ನಿನಂಥ ಟಿಡಿಎಸ್ ಮೀಟರ್ ಕೂಡ ಅಳೆಯುವುದು ಇದೇ ವಿದ್ಯುತ್ ಹರಿವನ್ನು. ಕರಗಿದ್ದು ಎಷ್ಟು ಎಂದು ಅದು ಅಂದಾಜು ಹೇಳುತ್ತದೆ, ಕರಗಿದ್ದು ಏನು ಎಂದು ಹೇಳುವುದಿಲ್ಲ. ಟಿಡಿಎಸ್ 150 ಇರುವ ನೀರಿನಲ್ಲಿ ಕಾಲರಾ ರೋಗಾಣು ಇರಬಹುದು, ಮೀಟರಿಗೆ ಅದು ಕಾಣುವುದಿಲ್ಲ.

ನದಿ ನೀರು ಕುಡಿಯುವ ಮೈಸೂರಿಗರು ನಿಜವಾಗಿ ಹೆದರಬೇಕಾದ್ದು ಈ ಕಾಣದ ರೋಗಾಣುಗಳಿಗೆ. 2024ರ ಮೇ ತಿಂಗಳಲ್ಲಿ ನಗರದ ಅಂಚಿನಲ್ಲೇ ಇರುವ ಕೆ. ಸಾಲುಂಡಿ ಗ್ರಾಮದಲ್ಲಿ ಕಲುಷಿತ ನೀರು ಕುಡಿದು ಹತ್ತಾರು ಜನ ವಾಂತಿಭೇದಿಯಿಂದ ಆಸ್ಪತ್ರೆ ಸೇರಿದರು, ಒಬ್ಬ ಯುವಕ ತೀರಿಕೊಂಡ. ಅಲ್ಲಿ ಪ್ರಾಣ ತೆಗೆದದ್ದು ಲವಣವಲ್ಲ, ಕುಡಿಯುವ ನೀರಿಗೆ ಸೇರಿದ ಹೊಲಸು. ಅದನ್ನು ತಡೆಯಲು ಕ್ಲೋರಿನ್ ಸಾಕು, ಕುದಿಸಿದರೆ ಸಾಕು, ನೇರಳಾತೀತ ದೀಪದ ಯುವಿ ಯಂತ್ರ ಸಾಕು.

ನಲ್ಲಿ ನೀರು ಶುದ್ಧೀಕರಣ ಘಟಕದಿಂದ ಹೊರಡುವಾಗ ಕ್ಲೋರಿನ್ ಹೊತ್ತು ಬರುತ್ತದೆ. ಮನೆ ಮುಟ್ಟುವಾಗಲೂ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ಮಾನದಂಡ. ಆದರೆ ನಮ್ಮಲ್ಲಿ ನೀರು ದಿನದ 24 ಗಂಟೆ ಬರುವುದಿಲ್ಲ. ಬಂದಾಗ ಸಂಪಿಗೆ ತುಂಬಿಸಿ, ಮೋಟಾರಿನಿಂದ ಮೇಲಿನ ಸಿಂಟೆಕ್ಸ್ ಟ್ಯಾಂಕಿಗೆ ಏರಿಸಿ, ಅಲ್ಲಿಂದ ಅಡುಗೆಮನೆಗೆ ಬಿಡುತ್ತೇವೆ. ಈ ಹಾದಿಯಲ್ಲಿ ಕ್ಲೋರಿನ್ ಆರಿಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಸಂಪು ಗೇಟಿನ ಬಳಿ ಕಾರು ನಿಲ್ಲುವ ಜಾಗದ ಕೆಳಗಿರುತ್ತದೆ, ಒಳಚರಂಡಿಯ ಯುಜಿಡಿ ಚೇಂಬರ್ ಅದರಿಂದ ನಾಲ್ಕು ಹೆಜ್ಜೆ. ಮುಚ್ಚಳ ನೆಲದ ಮಟ್ಟಕ್ಕೇ ಇದ್ದು, ಕಾರು ತೊಳೆದ ನೀರು, ಮಳೆ ನೀರು ಅದರ ಸಂದಿಯಿಂದ ಇಳಿಯುತ್ತದೆ. ಗೋಡೆಯ ಸಣ್ಣ ಬಿರುಕಿನಿಂದ ಚೇಂಬರಿನ ತೇವ ಒಸರಬಹುದು. ಬೋರ್ ನೀರನ್ನೂ ಇದೇ ಸಂಪಿಗೆ ಬಿಟ್ಟರೆ ಕಾವೇರಿಯ ಸಪ್ಪೆ ನೀರು ಗಡಸಾಗುತ್ತದೆ. ಆಮೇಲೆ ಅಡುಗೆಮನೆಯಲ್ಲಿ ಮೀಟರ್ ಇಟ್ಟು 600 ತೋರಿಸಿತು ಎಂದು ಪಾಲಿಕೆಯನ್ನು ಬೈಯುತ್ತೇವೆ.

ಆದ್ದರಿಂದ ಯಂತ್ರ ಕೊಳ್ಳುವ ಮೊದಲು ನೀರನ್ನು ಎರಡು ಕಡೆ ನೋಡಬೇಕು: ಬೀದಿಯಿಂದ ಬರುವ ನಲ್ಲಿಯಲ್ಲಿ ಒಮ್ಮೆ, ಅಡುಗೆಮನೆಯ ನಲ್ಲಿಯಲ್ಲಿ ಒಮ್ಮೆ. ಮೊದಲನೆಯದು ಒಳ್ಳೆಯದಿದ್ದು ಎರಡನೆಯದು ಕೆಟ್ಟಿದ್ದರೆ ದೋಷ ಮನೆಯೊಳಗಿದೆ. ಸಂಪಿನ ಮುಚ್ಚಳವನ್ನು ನೆಲದಿಂದ ಅರ್ಧ ಅಡಿ ಎತ್ತರಿಸುವುದು, ಒಳಗೋಡೆಗೆ ಗಾರೆ ಮಾಡಿಸುವುದು, ಆರು ತಿಂಗಳಿಗೊಮ್ಮೆ ತೊಳೆಸುವುದು, ಬೋರ್ ನೀರಿಗೆ ಬೇರೆ ತೊಟ್ಟಿ ಕೊಡುವುದು, ಇವಕ್ಕೆ ಆಗುವ ಖರ್ಚು ಒಂದು ಒಳ್ಳೆಯ ಆರ್‌ಒ ಬೆಲೆಯ ಆಸುಪಾಸಿನಲ್ಲೇ ಇರುತ್ತದೆ. ಲಾಭ ಮಾತ್ರ ಕುಡಿಯುವ ಹತ್ತು ಲೀಟರಿಗಷ್ಟೇ ಅಲ್ಲ, ಹಲ್ಲುಜ್ಜುವ, ತರಕಾರಿ ತೊಳೆಯುವ ನೀರಿಗೂ ಸಿಗುತ್ತದೆ.

ಇಷ್ಟಾದ ಮೇಲೆ ಕಾವೇರಿ, ಕಬಿನಿಯ ಮನೆಗೆ ಬೇಕಾದ್ದು ಸಣ್ಣ ಉಪಕರಣ. ಮಣ್ಣು ಹಿಡಿಯುವ ಸೆಡಿಮೆಂಟ್ ಫಿಲ್ಟರ್, ವಾಸನೆ ಹೀರುವ ಕಾರ್ಬನ್, ಕೊನೆಗೆ ಯುವಿ ಅಥವಾ ಯುಎಫ್. ಯುವಿ ದೀಪ ವೈರಸ್ಸನ್ನೂ ಹಣಿಯುತ್ತದೆ, ಆದರೆ ಕರೆಂಟ್ ಬೇಕು. ಜೂನ್, ಜುಲೈನಲ್ಲಿ ಕೊಡಗಿನ ಕೆಂಪು ನೀರು ಬಂದಾಗ ದೀಪಕ್ಕೆ ಮೊದಲಿನ ಫಿಲ್ಟರ್ ಸರಿಯಿಲ್ಲದಿದ್ದರೆ ಬೆಳಕು ಕದಡಿನೊಳಗೆ ಇಳಿಯುವುದಿಲ್ಲ. ಯುಎಫ್ ಎಂದರೆ ನೂಲಿನಂಥ ಟೊಳ್ಳು ಕೊಳವೆಗಳ ಗೋಡೆಯಲ್ಲಿ ಸೋಸುವ ವಿಧಾನ. ಟ್ಯಾಂಕಿನ ಎತ್ತರದ ಒತ್ತಡವೇ ಅದಕ್ಕೆ ಸಾಕು. ಬ್ಯಾಕ್ಟೀರಿಯಾವನ್ನು ನಿಲ್ಲಿಸುತ್ತದೆ, ಅತಿ ಸಣ್ಣ ವೈರಸ್ ವಿಷಯದಲ್ಲಿ ಅಷ್ಟು ಖಾತ್ರಿಯಿಲ್ಲ. ಇವೆರಡರಲ್ಲೂ ಒಂದು ಹನಿ ನೀರೂ ಮೋರಿಗೆ ಹೋಗಬೇಕಿಲ್ಲ. ಉಪಕರಣವೇ ಬೇಡ ಎನ್ನುವವರು ಕುದಿಸಲಿ. ಮೈಸೂರಿನ ಎತ್ತರದಲ್ಲಿ ನೀರು ಕೊತಕೊತ ಕುದಿ ಬಂದ ಮೇಲೆ ಒಂದು ನಿಮಿಷ ಬಿಟ್ಟರೆ ಸಾಕು. ತಾಮ್ರದ ಬಿಂದಿಗೆಯೂ ಸುಳ್ಳಲ್ಲ. ನೀರನ್ನು ತಾಮ್ರದ ಪಾತ್ರೆಯಲ್ಲಿ 16 ಗಂಟೆ ಇಟ್ಟರೆ ಭೇದಿ ತರುವ ಬ್ಯಾಕ್ಟೀರಿಯಾ ಸಾಯುತ್ತವೆ ಎಂದು ಬೆಂಗಳೂರಿನ ಆಯುರ್ವೇದ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನ ತೋರಿಸಿದೆ. ಹಾಗಿರುವಾಗ ತಾಮ್ರ ಬೆರೆಸುತ್ತದೆ ಎಂದು ಯಂತ್ರಕ್ಕೆ ಹೆಚ್ಚು ಹಣ ಕೊಡುವುದರಲ್ಲಿ ಅರ್ಥ ಕಾಣೆ.

ಬೋರ್ ನೀರಿನ ಮನೆಗಳ ವಿಷಯ ಹೀಗೆ ಸುಲಭವಲ್ಲ. ಅವರಿಗೆ ಆರ್‌ಒ ಬೇಡ ಎಂದು ಬುದ್ಧಿ ಹೇಳುವುದು ತಪ್ಪಾಗುತ್ತದೆ. ಗದಗ, ಕೊಪ್ಪಳ, ರಾಯಚೂರು, ಪಾವಗಡ, ಬಾಗೇಪಲ್ಲಿಗಳ ಹಳ್ಳಿಗಳಲ್ಲಿ ಫ್ಲೋರೈಡಿನಿಂದ ಹಲ್ಲು ಕಂದಾದ ಮಕ್ಕಳನ್ನು, ಮೂಳೆ ಬಾಗಿದ ಹಿರಿಯರನ್ನು ನೋಡಿದವರಿಗೆ ಈ ಪೊರೆಯ ಬೆಲೆ ಗೊತ್ತು. ರಾಜ್ಯದ ಸಾವಿರಾರು ಹಳ್ಳಿಗಳಲ್ಲಿ ನಾಣ್ಯ ಹಾಕಿ 20 ಲೀಟರ್ ಕ್ಯಾನ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳು ನಿಂತದ್ದು ಇದಕ್ಕಾಗಿಯೇ. 

ಬೋರ್ ನೀರಿನವರು ಕೊಳ್ಳುವ ಮೊದಲು ಪ್ರಯೋಗಾಲಯದ ವರದಿ ಪಡೆಯಲೇಬೇಕು. ಜಲ ಜೀವನ್ ಮಿಷನ್ ಬಂದ ಮೇಲೆ ಜಿಲ್ಲಾ ಮಟ್ಟದ ನೀರು ಪರೀಕ್ಷಾ ಪ್ರಯೋಗಾಲಯಗಳು ಸಾರ್ವಜನಿಕರಿಗೂ ಕಡಿಮೆ ದರದಲ್ಲಿ ತೆರೆದಿವೆ. ಎನ್‌ಎಬಿಎಲ್ ಮಾನ್ಯತೆಯ ಖಾಸಗಿ ಪ್ರಯೋಗಾಲಯಗಳೂ ಇವೆ. ಗಡಸುತನ, ಫ್ಲೋರೈಡ್, ನೈಟ್ರೇಟ್, ಕಬ್ಬಿಣ, ಕೋಲಿಫಾರ್ಮ್ ಇಷ್ಟನ್ನಾದರೂ ಕೇಳಿ ಮಾಡಿಸಿ. ಗಡಸುತನವೊಂದೇ ತೊಂದರೆ, ಉಳಿದದ್ದೆಲ್ಲ ಮಿತಿಯೊಳಗಿದೆ ಎಂದಾದರೆ ಸ್ನಾನ, ಬಟ್ಟೆಗೆ ಸಾಫ್ಟ್‌ನರ್ ಸಾಕಾಗಬಹುದು. ನೈಟ್ರೇಟ್ ಹೆಚ್ಚಿದ್ದರೆ ಕುದಿಸುವುದು ಪರಿಹಾರವಲ್ಲ. ನೀರು ಆವಿಯಾಗಿ ನೈಟ್ರೇಟ್ ಇನ್ನಷ್ಟು ಸಾಂದ್ರವಾಗುತ್ತದೆ. ಎಳೆಗೂಸಿನ ಹಾಲಿನ ಪುಡಿ ಕಲಸಲು ಆ ನೀರು ಬಳಸಲೇಬಾರದು, ಅದು ರಕ್ತದ ಆಮ್ಲಜನಕ ಹೊರುವ ಶಕ್ತಿಯನ್ನೇ ಕುಂದಿಸುತ್ತದೆ.

ನೈಟ್ರೇಟಿನ ಮನೆಯವರು ಯಂತ್ರದೊಳಗಿನ ಟಿಡಿಎಸ್ ಕಂಟ್ರೋಲರ್ ಬಗ್ಗೆಯೂ ಎಚ್ಚರವಿರಬೇಕು. ಆರ್‌ಒ ನೀರು ತೀರಾ ಸಪ್ಪೆಯಾಗುತ್ತದೆಂದು ಪೊರೆ ದಾಟದ ಒಂದಿಷ್ಟು ನೀರನ್ನು ಅದಕ್ಕೆ ಬೆರೆಸುವ ಪುಟ್ಟ ತಿರುಪು ಅದು. ನಿಮ್ಮ ಬೋರಿನಲ್ಲಿ ನೈಟ್ರೇಟ್ 100 ಇದೆ ಎನ್ನಿ. ಅರ್ಧಕ್ಕರ್ಧ ಬೆರೆಯುವಂತೆ ತಿರುಪು ತೆರೆದರೆ ಬೆರೆತ ನೀರಿನಿಂದಲೇ 50 ಬಂದುಬಿಡುತ್ತದೆ, ಮಿತಿಯಾದ 45 ದಾಟಿತು. ರುಚಿ ಚೆನ್ನಾಗಿ ಬಂತು ಎಂದು ಸಂತೋಷಪಡುತ್ತ ನಾವು ದುಡ್ಡು ಕೊಟ್ಟು ತೆಗೆಸಿದ್ದನ್ನೇ ಮತ್ತೆ ಕುಡಿಯುತ್ತಿರುತ್ತೇವೆ. ಅಂಥ ಮನೆಗಳಲ್ಲಿ ತಿರುಪನ್ನು ಮುಚ್ಚಿಸಿಬಿಡಿ.

ಖನಿಜ ಹೋಗುತ್ತದೆ ಎಂಬ ಆತಂಕಕ್ಕೆ ಎಷ್ಟು ಬೆಲೆ ಕೊಡಬೇಕು? ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೊರತಂದ ಸಂಪುಟವೊಂದು ಖನಿಜವಿಲ್ಲದ ನೀರನ್ನು ದೀರ್ಘಕಾಲ ಕುಡಿಯುವುದರ ಅಪಾಯಗಳನ್ನು ಚರ್ಚಿಸಿದೆ. ಆದರೆ ನಮ್ಮ ಕ್ಯಾಲ್ಸಿಯಂನ ಬಹುಪಾಲು ಊಟದಿಂದಲೇ ಬರುತ್ತದೆ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮುದ್ದೆ, ಮೊಸರು, ಸೊಪ್ಪು ತಿನ್ನುವ ಮನೆಯಲ್ಲಿ ಆರ್‌ಒ ನೀರಿನಿಂದ ಮೂಳೆ ಸವೆಯುತ್ತದೆಂಬ ಭಯ ಬೇಡ. ಫ್ಲೋರೈಡ್ ಇರುವಲ್ಲಿ ಈ ಭಯದಿಂದ ಆರ್‌ಒ ಬಿಡುವುದಂತೂ ಸಲ್ಲದು. ಹಾಗೆಯೇ ಒಳ್ಳೆಯ ಕಾವೇರಿ ನೀರಿನ ಖನಿಜ ತೆಗೆದು, ಮತ್ತೆ ಮಿನರಲ್ ಕಾರ್ಟ್‌ರಿಜ್ ಹಾಕಿ ತುಂಬಿಸುವುದೂ ಸಲ್ಲದು.

ಆರ್‌ಒ ಬೇಕೇ ಬೇಕು ಎಂದಾದವರು ನೋಡಬೇಕಾದ್ದು ಹಂತಗಳ ಸಂಖ್ಯೆಯನ್ನಲ್ಲ. ಮನೆಬಳಕೆಯ ಆರ್‌ಒಗೆ ಐಎಸ್ 16240 ಎಂಬ ಮಾನದಂಡವಿದೆ, ಆ ಗುರುತು ಇದೆಯೇ ನೋಡಿ. ನೂರು ಲೀಟರ್ ಒಳಹೋದರೆ ಎಷ್ಟು ಕುಡಿಯಲು ಸಿಗುತ್ತದೆ ಎಂದು ಕೇಳಿ. ಪೊರೆಯ ಮುಂದೆ ಕಾರ್ಬನ್ ಫಿಲ್ಟರ್ ಇರಲೇಬೇಕು, ಪಾಲಿಅಮೈಡ್ ಪೊರೆಯನ್ನು ಕ್ಲೋರಿನ್ ತಿಂದುಹಾಕುತ್ತದೆ. ಈ ಕಾರ್ಬನ್ ಕ್ಲೋರಿನ್ ತೆಗೆದ ಮೇಲೆ ಯಂತ್ರದ ಟ್ಯಾಂಕಿನಲ್ಲಿ ನಿಂತ ನೀರಿಗೆ ಯಾವ ಕಾವಲೂ ಇರುವುದಿಲ್ಲ. ದಸರಾ ರಜೆಗೆ ಊರಿಗೆ ಹೋಗಿ ಬಂದವರು ಆ ಟ್ಯಾಂಕ್ ಖಾಲಿ ಮಾಡಿಯೇ ಕುಡಿಯಬೇಕು. ಬೆಲೆ ಹೋಲಿಸುವಾಗ ಐದು ವರ್ಷದ ಸರ್ವಿಸ್ ಕರಾರು, ಫಿಲ್ಟರ್, ಪೊರೆ ಎಲ್ಲ ಕೂಡಿಸಿ ಹೋಲಿಸಿ, ಅಗ್ಗದ್ದು ಅಲ್ಲಿ ದುಬಾರಿಯಾಗಿರುತ್ತದೆ. ಪೊರೆ ಬದಲಾಯಿಸುವ ಕಾಲ ಬಂತೇ ಎಂದು ತಿಳಿಯಲು ಮಾತ್ರ ಟಿಡಿಎಸ್ ಮೀಟರ್ ನಿಜಕ್ಕೂ ಉಪಯುಕ್ತ. ಒಳಹೋಗುವ, ಹೊರಬರುವ ಎರಡೂ ನೀರನ್ನು ತಿಂಗಳಿಗೊಮ್ಮೆ ಅಳೆದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟರೆ ಸರ್ವಿಸ್ ಹುಡುಗನ ಮಾತನ್ನೇ ನಂಬಬೇಕಿಲ್ಲ.

ಮೋರಿಗೆ ಹೋಗುವ ನೀರಿನ ಲೆಕ್ಕ ಮನಸ್ಸಿಗೆ ನೋವು ಕೊಡುವಂಥದ್ದು. ಸಾಮಾನ್ಯ ಯಂತ್ರ ಒಂದು ಲೀಟರ್ ಕೊಡಲು ಮೂರು ಲೀಟರ್ ಚೆಲ್ಲುತ್ತದೆ. ದಿನಕ್ಕೆ ಹತ್ತು ಲೀಟರ್ ಬಳಸುವ ಮನೆ ವರ್ಷಕ್ಕೆ ಸುಮಾರು 11 ಸಾವಿರ ಲೀಟರ್ ಹೊರಬಿಡುತ್ತದೆ. ಇಂಥ ಒಂದು ಲಕ್ಷ ಮನೆಗಳಿದ್ದರೆ ದಿನಕ್ಕೆ 30 ಲಕ್ಷ ಲೀಟರ್. ಕಾವೇರಿಯ ಒಂದೊಂದು ಟಿಎಂಸಿಗೂ ಬೀದಿಗಿಳಿಯುವ ನಾವು ಅದೇ ಕಾವೇರಿಯನ್ನು ಅಗತ್ಯವಿಲ್ಲದ ಪೊರೆಯ ಹಿಂದಿನಿಂದ ಚರಂಡಿಗೆ ಬಿಡುವುದು ನ್ಯಾಯವಲ್ಲ. ಬೋರ್ ನೀರಿನವರು ಅದನ್ನು ಬಕೆಟ್ಟಿಗೆ ಹಿಡಿದು ನೆಲ ಒರೆಸಲು, ಶೌಚಾಲಯಕ್ಕೆ ಬಳಸಲಿ. ಗಿಡಕ್ಕೆ ದಿನಾ ಹಾಕಿದರೆ ಮಣ್ಣು ಉಪ್ಪಾಗುತ್ತದೆ.

ಲೇಔಟ್‌ಗಳ ಮನೆಗಳಿಗೆ ಇನ್ನೊಂದು ದಾರಿಯಿದೆ, ಅದು ಆಕಾಶದಿಂದ ಬರುತ್ತದೆ. ಮೈಸೂರಿನ ವಾರ್ಷಿಕ ಮಳೆ ಸುಮಾರು 800 ಮಿಲಿಮೀಟರ್. ಸಾವಿರ ಚದರಡಿ ಚಾವಣಿಯಿಂದ ನಷ್ಟ ಕಳೆದು ವರ್ಷಕ್ಕೆ 60 ಸಾವಿರ ಲೀಟರಿನಷ್ಟು ಹಿಡಿಯಬಹುದು. ಅಷ್ಟು ನೀರಿನಲ್ಲಿ ಒಂದು ಕುಟುಂಬದ ಕುಡಿಯುವ, ಅಡುಗೆಯ ನೀರು ಹಲವು ಪಟ್ಟು ಸಿಗುತ್ತದೆ. ಬೆಂಗಳೂರಿನ ವಿಜಯನಗರದಲ್ಲಿ ವಿಜ್ಞಾನಿ ಎ.ಆರ್. ಶಿವಕುಮಾರ್ 1990ರ ದಶಕದಿಂದ ತಮ್ಮ ‘ಸೌರಭ’ ಮನೆಯನ್ನು ಮಳೆ ನೀರಿನಲ್ಲೇ ನಡೆಸಿ ತೋರಿಸಿದ್ದಾರೆ. ಮಳೆ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ. ಶುಚಿಯಾಗಿ ಹಿಡಿದು, ಸೋಸಿ, ಕುದಿಸಿದರೆ ಆರ್‌ಒ ಕೆಲಸ ಆಗಿಯೇ ಹೋಗಿದೆ.

ನನ್ನ ತೀರ್ಪು ಇಷ್ಟು. ಕಾವೇರಿ, ಕಬಿನಿ ನೀರು ಬರುವ ಮೈಸೂರಿನ ಮನೆಗಳಿಗೆ ಆರ್‌ಒ ಬೇಡ, ಯುವಿ ಅಥವಾ ಕುದಿಸಿದ ನೀರು ಸಾಕು. ಬೋರ್ ನೀರಿನ ಮನೆಗಳಿಗೆ ವರದಿ ಹೇಳಿದರೆ ಬೇಕು. ನಗರಾಡಳಿತ ಮಾಡಬೇಕಾದ ಕೆಲಸವೂ ಒಂದಿದೆ: ಬಡಾವಣೆವಾರು ನೀರಿನ ಪರೀಕ್ಷೆಯ ಫಲಿತಾಂಶವನ್ನು ಪ್ರತಿ ತಿಂಗಳು, ನೀರಿನ ಬಿಲ್ಲಿನ ಹಿಂಬದಿಯಲ್ಲಾದರೂ ಸರಿ, ಜನರ ಮುಂದಿಡಬೇಕು. ಓದುಗರು ತಮ್ಮ ವಾರ್ಡಿನ ನೀರು ಸರಬರಾಜು ಕಚೇರಿಗೆ ಹೋಗಿ ಆ ವರದಿಯನ್ನು ಬರಹದಲ್ಲಿ ಕೇಳಲಿ. ಯಂತ್ರದ ಮುಂಗಡ ಕೊಡುವುದು ಆಮೇಲಿರಲಿ.